ಪಕ್ಕದ ಸೀಟಿನ ನಕ್ಷೆ

ಹೊಳೆ ಸಿಗಬೇಕಿದ್ದ ಜಾಗದಲ್ಲಿ ಕಲ್ಲುಗಣಿ ಸಿಕ್ಕಿತು. ರಸ್ತೆ ಅಲ್ಲಿಗೇ ಮುಗಿದಿತ್ತು. ತಕ್ಕಡಿ ರಿಪೇರಿಯವನು ವ್ಯಾನು ನಿಲ್ಲಿಸಿ, ಪಕ್ಕದ ಸೀಟಿನ ಮೇಲಿದ್ದ ರಸ್ತೆ ನಕ್ಷೆಗಳ ದಪ್ಪ ಪುಸ್ತಕವನ್ನು ಎತ್ತಿಕೊಂಡ. ಪುಟದಲ್ಲಿ ಕವಲು ಬಲಕ್ಕಿತ್ತು, ಅವನೂ ಬಲಕ್ಕೇ ತಿರುಗಿದ್ದ. ತಪ್ಪಿದ್ದೆಲ್ಲಿ ಎಂದು ಎಷ್ಟು ನೋಡಿದರೂ ತಿಳಿಯಲಿಲ್ಲ.

ಆ ಸೀಟು ಅಕ್ಕನದು. ದೇಶದ ಈ ತುದಿಯಿಂದ ಆ ತುದಿಗೆ ಅಂಗಡಿ ಅಂಗಡಿ ಅಲೆದು ತಕ್ಕಡಿ ಸರಿಮಾಡುವ ಕೆಲಸದಲ್ಲಿ ಇಪ್ಪತ್ತು ವರ್ಷ ಅವನು ಗಾಡಿ ಓಡಿಸಿದ, ಅವಳು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ದಾರಿ ಹೇಳಿದಳು. ಹೋಗುವ ದಿಕ್ಕು ಯಾವಾಗಲೂ ಮೇಲೆ ಬರುವಂತೆ ಪುಸ್ತಕ ತಿರುಗಿಸಿ ಹಿಡಿಯುವುದು ಅವಳ ಪದ್ಧತಿ. ದಕ್ಷಿಣಕ್ಕೆ ಹೊರಟರೆ ಊರುಗಳ ಹೆಸರನ್ನೆಲ್ಲ ತಲೆಕೆಳಗಾಗಿ ಸರಾಗವಾಗಿ ಓದುತ್ತಿದ್ದಳು.

"ಹೀಗೆ ಓದೋಳಿಗೆ ಗಂಡು ಸಿಕ್ಕ ಹಾಗೇ ಇದೆ" ಎಂದು ತಮ್ಮ ಚುಡಾಯಿಸುತ್ತಿದ್ದ.

ಸಿಕ್ಕಿಯೇಬಿಟ್ಟ. ಒಂದು ಲಾಡ್ಜಿನ ಮಾಲೀಕ, ಹೆಂಡತಿ ತೀರಿಕೊಂಡವನು, ಊಟದ ಮೇಜಿನಲ್ಲಿ ಅವಳು ಪುಸ್ತಕ ತಲೆಕೆಳಗಾಗಿ ಹಿಡಿದಿದ್ದನ್ನು ಕಂಡು ನಕ್ಕ. ಅವಳೂ ನಕ್ಕಳು. ಹೋದ ತಿಂಗಳು ಮದುವೆಯಾಯಿತು. ಐವತ್ತರ ಹತ್ತಿರದ ಅಕ್ಕನ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿದವನು ತಮ್ಮನೇ. "ನೀನಿಲ್ದೆ ನಂಗೇನೂ ತೊಂದ್ರೆ ಇಲ್ಲ" ಎಂದೂ ಹೇಳಿದ್ದ. ಬಾಯಿಮಾತು ಅದು. ನಾಲ್ಕು ದಿನಕ್ಕೆ ಬೇಸತ್ತು ಅವಳು ಮತ್ತೆ ವ್ಯಾನು ಹತ್ತುತ್ತಾಳೆ ಎಂದೇ ಅವನು ಒಳಗೊಳಗೆ ನಂಬಿದ್ದ.

ಬಂದ ದಾರಿಯಲ್ಲೇ ಹಿಂತಿರುಗಿ, ಪೆಟ್ರೋಲ್ ಬಂಕಿನ ಫೋನಿನಿಂದ ಲಾಡ್ಜಿಗೆ ಫೋನು ಮಾಡಿದ.

"ದಾರಿ ತಪ್ತಾ?" ಅಕ್ಕ ಕೇಳಿದಳು.

"ಪುಸ್ತಕಾನೇ ತಪ್ಪಿದೆ ಕಣೆ. ಬಲಕ್ಕೆ ಅಂತ ಇದೆ, ಹೋದ್ರೆ ಗಣಿ."

"ಹೇಗೆ ಹಿಡ್ಕೊಂಡಿದ್ದೆ?"

"ಎಲ್ರೂ ಹಿಡಿಯೋ ಹಾಗೆ."

"ಈ ತಿಂಗಳು ದಕ್ಷಿಣದ ಸುತ್ತು ಅಲ್ವಾ, ದಕ್ಷಿಣಕ್ಕೆ ಹೋಗ್ತಿದೀಯ. ತಿರುಗಿಸಿ ಹಿಡಿಯೋ, ಕೋಣ."

ಇಪ್ಪತ್ತು ವರ್ಷ ನಕ್ಕಿದ್ದಕ್ಕೆ ಸರಿಯಾಗಿಯೇ ಆಯಿತು ಎಂದುಕೊಂಡ. ಆ ಕಡೆ ಯಾರೋ ಏನೋ ಅಂದರು, ಭಾವನಿರಬೇಕು. ಅಕ್ಕ ನಗುತ್ತ ಭಾವನಿಗೆ ಉತ್ತರ ಕೊಟ್ಟಳು. ಬಂದುಬಿಡು ಎಂಬ ಮಾತು ತಮ್ಮನ ನಾಲಿಗೆಯ ತುದಿಯಲ್ಲಿತ್ತು. ಅದರ ಬದಲು, "ಅಲ್ಲಿ ಬೇಜಾರಾಗಲ್ವಾ ನಿಂಗೆ?" ಎಂದ.



"ಬೆಳಿಗ್ಗೆ ಏಳ್ತೀನಲ್ಲ, ಕಿಟಕಿ ಆಚೆ ನಿನ್ನೆ ಇದ್ದ ಮರಾನೇ ಇರುತ್ತೆ ಕಣೋ. ದಿನಾ ನೋಡ್ತೀನಿ."

ಅವಳಿಗೆ ಅಂಥದೊಂದು ಆಸೆ ಇತ್ತೆಂದು ಅವನಿಗೆ ಗೊತ್ತೇ ಇರಲಿಲ್ಲ. ಪಕ್ಕದಲ್ಲೇ ಕೂತಿದ್ದಳು, ಅವನು ಕೇಳಿರಲಿಲ್ಲ.

"ಈ ಕಡೆ ಬಂದಾಗ ಊಟಕ್ಕೆ ಬಾ" ಎಂದಳು.

"ಬರ್ತೀನಿ" ಎಂದು ಫೋನಿಟ್ಟ.

ಮತ್ತೆ ಆ ಕವಲಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಎಂಜಿನ್ ಆರಿಸದೆ, ಪುಸ್ತಕವನ್ನು ತಲೆಕೆಳಗು ಮಾಡಿ ತೊಡೆಯ ಮೇಲಿಟ್ಟುಕೊಂಡ. ಮುಂದಿನ ಊರಿನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ರಸ್ತೆ ಖಾಲಿಯಿತ್ತು. ಸ್ಟಿಯರಿಂಗ್ ಹಿಡಿದು, ಅಭ್ಯಾಸಬಲದಿಂದ, ಪಕ್ಕದಿಂದ ಮಾತು ಬರಲೆಂದು ಕಾದ.

ಆಮೇಲೆ ತಾನೇ, "ಎಡಕ್ಕೆ ತಗೋ" ಎಂದು ಹೇಳಿ, ಎಡಕ್ಕೆ ತಿರುಗಿಸಿದ.