ಕಿತೇರ್ ಮಾಯಿಯ ಮನೆಯಲ್ಲಿ ಸಾಯ್ಬಿಣ್

ಕಿತೇರ್ ಮಾಯಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಾಗೆಗೆ ಬೈಯುತ್ತಾಳೆ, ಮೀನಿನವಳಿಗೆ ಬೈಯುತ್ತಾಳೆ, ಬೈಯಲು ಯಾರೂ ಸಿಗದ ದಿನ ತೀರಿಹೋದ ಗಂಡನ ಫೋಟೋದ ಮುಂದೆ ನಿಂತು ಅವನಿಗೇ ನಾಲ್ಕು ಬೈದು ಬರುತ್ತಾಳೆ. ಡೊಂಗೊರ್ ವಾಡೊ ಎಂಬ ಅವಳ ಕೇರಿಯ ಜನಕ್ಕೆ ಆ ದನಿ ಎಷ್ಟು ರೂಢಿಯಾಗಿದೆ ಎಂದರೆ, ಕೇಳಿಸಿದರೂ ಯಾರೂ ಮಗ್ಗುಲು ಕೂಡ ಬದಲಿಸುವುದಿಲ್ಲ.

ಅವಳ ಗಂಡ ಪೊದೆರ್, ಬ್ರೆಡ್ಡಿನ ಕಸುಬಿನವನು. ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಊರಿಗೆಲ್ಲ ಪಾವು ಮಾರಿದವನು. ಊರು ಕಂಡದ್ದು ಅವನನ್ನು. ಆದರೆ ಬೆಳಕು ಹರಿಯುವ ಮೊದಲೇ ಎದ್ದು ಹಿಟ್ಟು ನಾದಿದವಳು, ಒಲೆ ಕಾಯಿಸಿದವಳು, ಉದ್ದ ಹಿಡಿಯ ಮರದ ಸಲಿಕೆಯಿಂದ ಪಾವು ಒಳಗೆ ತಳ್ಳಿ ಹೊರಗೆ ಎಳೆದವಳು ಕಿತೇರ್ ಮಾಯಿ. ಗಂಡ ಹೋದ ಮೇಲೆ ಪಾವಿನ ಒಲೆ ಆರಿತು. ವಯಸ್ಸು ಎಂಬತ್ತರ ಹತ್ತಿರ ಬಂತು, ಮಂಡಿ ಕೈಕೊಟ್ಟಿತು, ಕಣ್ಣಿಗೆ ಮಂಜು ಕವಿಯಿತು. ತೋಳು ಮಾತ್ರ ಹಾಗೆಯೇ ಉಳಿಯಿತು. ಮಕ್ಕಳಾಗಲಿಲ್ಲ. ಅದಕ್ಕಾಗಿ ಕನಿಕರಪಡಲು ಬಂದವರಿಗೆ ಮಾಯಿ ಗೇಟಿನ ದಾರಿ ತೋರಿಸುತ್ತಾಳೆ.

ಡಿಸೆಂಬರ್ ಬಂತೆಂದರೆ ಸಾಯ್ಬಿಣ್ ವಾಡೊಗೆ ಬರುತ್ತಾಳೆ. ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ಹೊರಟ ಮಾತೆಯ ಮೂರ್ತಿ ಒಂದೊಂದು ಮನೆಯಲ್ಲಿ ಒಂದೊಂದು ರಾತ್ರಿ ತಂಗುತ್ತದೆ. ಮರುದಿನ ಸಂಜೆ ಜಪ, ಹಾಡು ಎಲ್ಲ ಮುಗಿದ ಮೇಲೆ ಪಟಾಕಿ ಸರ ಹಚ್ಚುತ್ತಾರೆ. ಸಾಯ್ಬಿಣ್ ಹೊರಟಳು ಎಂಬುದಕ್ಕೆ ಅದೇ ಸೂಚನೆ. ಆ ಸದ್ದು ಕಿವಿಗೆ ಬಿದ್ದದ್ದೇ ಮುಂದಿನ ಮನೆಯವರು ಮೇಣದಬತ್ತಿ ಹಿಡಿದು ಎದುರುಗೊಳ್ಳಲು ಓಡಿ ಬರುತ್ತಾರೆ. ಸಾಯ್ಬಿಣ್ ಒಳಗಿರುವಷ್ಟು ಹೊತ್ತು ಮನೆಯ ಮುಂಬಾಗಿಲು ಹಾಕುವಂತಿಲ್ಲ. ಯಾರಿಗೆ ಯಾವಾಗ ಮೊರೆಯಿಡಬೇಕು ಎನಿಸುತ್ತದೋ ಯಾರು ಬಲ್ಲರು?

ಈ ವರ್ಷ ಅಡ್ಡಗಾಲು ಹಾಕಿದವಳು ಪಕ್ಕದ ದೊಡ್ಡಮನೆಯ ಎರ್ಮೆಲಿಂದಾ. ಮಾಯಿಯ ಮನೆಯ ನಂತರದ ಸರದಿ ಅವಳದೇ. ವಾಡೊದ ಪುಟ್ಟ ಪ್ರಾರ್ಥನಾಮಂದಿರವಾದ ಕಪೇಲಿನ ಮೆಟ್ಟಿಲ ಮೇಲೆ, ಎಲ್ಲರ ಎದುರಿಗೇ ಮಾತು ತೆಗೆದಳು.

"ಬೇಜಾರು ಮಾಡ್ಕೋಬೇಡಿ ಮಾಯ್. ಸಾಯ್ಬಿಣಿ ತಲೆ ಮೇಲೆ ಬಂಗಾರದ ಕಿರೀಟ, ಕೊರಳ ತುಂಬ ಹರಕೆ ಸರ. ಯಾರಾದ್ರೂ ನುಗ್ಗಿದ್ರೆ ನೀವೊಬ್ರೇ ಏನ್ ಮಾಡ್ತೀರಿ? ನಿಮ್ಮನೆ ರಾತ್ರೀನೂ ನಮ್ಮನೇಲೇ ಇರ್ಲಿ ಬಿಡಿ. ನೀವು ಅಲ್ಲಿಗೇ ಬಂದು ಜಪ ಮಾಡಿ, ಕುರ್ಚಿ ಹಾಕಿಸ್ತೀನಿ."

"ಕುರ್ಚಿ ನನ್ನ ಮನೇಲೂ ಇದೆ," ಎಂದಳು ಮಾಯಿ. "ನಾನು ಮದುವೆಯಾಗಿ ಬಂದ ವರ್ಷದಿಂದ ಸಾಯ್ಬಿಣ್ ನನ್ನ ಹೊಸಿಲು ತಪ್ಪಿಸಿಲ್ಲ. ನೀನಾಗ ಹುಟ್ಟೂ ಇರ್ಲಿಲ್ಲ ಬಾಯ್. ನನ್ನನ್ನ ಪೆಟ್ಟಿಗೇಲಿ ಮಲಗಿಸಿ ಹೊತ್ಕೊಂಡು ಹೋದ ಮೇಲೆ ಬೇಕಾದ್ರೆ ದಾಟ್ಕೊಂಡು ಹೋಗ್ಲಿ."

ವಾಡೊದ ಹಿರಿಯ ಇನಾಸ್, ಪಿಟೀಲು ನುಡಿಸಿ ಹಾಡು ಹೇಳಿಸುವವನು, ನಡುವೆ ಬಂದ. "ಈ ವರ್ಷ ಹೋಗ್ಲಿ ಮಾಯ್. ಆದ್ರೆ ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಇದೇ ಕೊನೆ. ಒಪ್ಪಿಗೆನಾ?"

"ಒಪ್ಪಿಗೆ" ಎಂದು ಬಂದಳೇನೋ ನಿಜ. ಆದರೆ ಮನೆಗೆ ಬಂದು ಕೂತ ಮೇಲೆ 'ಇದೇ ಕೊನೆ' ಎಂಬ ಮಾತು ಬಿಡದೆ ಕಾಡಿತು. ಸಾಯ್ಬಿಣ್ ದಾಟಿ ಹೋದ ಮನೆ ಅಂದರೆ ಜನ ಬಾಳದ ಮನೆ, ಬೀಗ ಬಿದ್ದ ಮನೆ. ತಾನು ಇನ್ನೂ ಉಸಿರಾಡುತ್ತಿರುವಾಗಲೇ ತನ್ನ ಮನೆಯನ್ನು ಆ ಲೆಕ್ಕಕ್ಕೆ ಸೇರಿಸುತ್ತಾರೆಯೇ? ಅವತ್ತು ಗಂಡನ ಫೋಟೋಕ್ಕೆ ಬೈಯಲೂ ಅವಳಿಗೆ ಮನಸ್ಸಾಗಲಿಲ್ಲ.

ಸಾಯ್ಬಿಣ್ ಬಂದಳು. ರಾತ್ರಿಯೆಲ್ಲ ಮಾಯಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು, ಏನೂ ಆಗಲಿಲ್ಲ. ಬೆಳಿಗ್ಗೆಯೂ ಆಗಲಿಲ್ಲ. ಎರ್ಮೆಲಿಂದಾ ಎರಡು ಸಲ ಬಂದು, ಪ್ರಾರ್ಥನೆ ಮಾಡುವವಳ ಹಾಗೆ ಕೈಮುಗಿದು, ಕಣ್ಣಲ್ಲೇ ಸರಗಳನ್ನೆಲ್ಲ ನೋಡಿಕೊಂಡು ಹೋದಳು. ಮಧ್ಯಾಹ್ನ ಮೀನುಸಾರು ಅನ್ನ ಉಂಡು ಇಡೀ ವಾಡೊ ಮಲಗಿತು. ಆ ಹೊತ್ತಿನ ನಿದ್ದೆಯೆಂದರೆ ನಮ್ಮ ಜನಕ್ಕೆ ಜಪಕ್ಕಿಂತ ಒಂದು ತೂಕ ಹೆಚ್ಚು. ಗೋಡೆ ಬಿದ್ದರೂ ನಾಲ್ಕು ಗಂಟೆಯ ಚಹಾದ ಹೊತ್ತಿಗೇ ವಿಚಾರಿಸುತ್ತಾರೆ.

ಮಾಯಿ ಮಾತ್ರ ಮಲಗಲಿಲ್ಲ. ಸಂಜೆ ಬರುವವರಿಗೆ ಹಂಚಲು ಹಿಂದಿನ ಅಡುಗೆಮನೆಯಲ್ಲಿ ಕಡಲೆ ಬೇಯಿಸುತ್ತಿದ್ದಳು. ಆಗ ಸಾಯ್ಬಿಣ್ ಇದ್ದ ಮುಂದಿನ ಹಜಾರದಲ್ಲಿ ಬೆಂಚು ಸರಿದ ಸದ್ದಾಯಿತು. ಯಾರೋ ಮೊರೆಯಿಡಲು ಬಂದಿರಬೇಕು, ಪಾಪ, ಈ ಬಿಸಿಲಲ್ಲಿ ಎಂದುಕೊಂಡು ಒಂದು ಲೋಟ ನೀರು ತೆಗೆದುಕೊಂಡು ಹೋದಳು.

ಮೊರೆಯಿಡಲು ಬಂದವನು ಪೀಠದ ಮುಂದಿನ ಬೆಂಚಿನ ಮೇಲೆ ಹತ್ತಿ ನಿಂತಿದ್ದ. ಎಡಗೈಯಲ್ಲಿ ಸಾಯ್ಬಿಣಿಯ ಭುಜ, ಬಲಗೈಯಲ್ಲಿ ಕಿರೀಟ. ಅದು ಆಗಲೇ ಕಳಚಿ ಬಂದಿತ್ತು. ಮಾಯಿಯ ಮಂಜುಗಣ್ಣಿಗೂ ಮುಖದ ಗುರುತು ಸಿಕ್ಕಿತು. ವಾಡೊಗೆಲ್ಲ ಬಣ್ಣದ ದೀಪದ ಸರ ಕಟ್ಟಲು ಪೇಟೆಯಿಂದ ಬಂದಿದ್ದವರಲ್ಲಿ ಇವನೊಬ್ಬ. ಇವಳೇ ಅವನಿಗೆ ಚಹಾ ಕೊಟ್ಟಿದ್ದಳು.

ಅವನು ಕೆಳಗೆ ಹಾರಿ, ಸೊಂಟದಿಂದ ಚಾಕು ತೆಗೆದ.

"ಸದ್ದು ಮಾಡ್ಬೇಡ ಮುದುಕಿ."

"ಯಾರ ಮಗನೋ ನೀನು?"

"ಯಾರ ಮಗ ಆದ್ರೆ ನಿಂಗೇನು? ಸುಮ್ನೆ ಅಡುಗೆಮನೆಗೆ ಹೋಗಿ ಕೂತ್ಕೋ. ಕೂಗಿದ್ರೆ ಗಂಟಲು ಕುಯ್ದುಬಿಡ್ತೀನಿ."

ಮಾಯಿ ನೀರಿನ ಲೋಟವನ್ನು ಕಪಾಟಿನ ಮೇಲಿಟ್ಟಳು. ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಹೆದರಿಕೆಯೊಳಗೇ ಒಂದು ಯೋಚನೆ ಎದ್ದು ನಿಂತಿತು. ಕಿರೀಟ ಹೋದರೆ ಎರ್ಮೆಲಿಂದಾ ಬೈಯುವುದಿಲ್ಲ, ತಬ್ಬಿಕೊಂಡು ಸಮಾಧಾನ ಹೇಳುತ್ತಾಳೆ. 'ನೀವೇನು ಮಾಡ್ತೀರಿ ಪಾಪ, ವಯಸ್ಸಾಯ್ತಲ್ಲ' ಎನ್ನುತ್ತಾಳೆ. ಚಾಕುವಿಗಿಂತ ಆ ಸಮಾಧಾನವೇ ಮಾಯಿಗೆ ದೊಡ್ಡ ಭಯವಾಗಿ ಕಂಡಿತು.

"ಆಯ್ತಪ್ಪ, ಹೋಗ್ತೀನಿ," ಎಂದು ಮಂಡಿ ಹಿಡಿದುಕೊಂಡು ನಿಧಾನವಾಗಿ ಒಳಗೆ ಹೋದಳು. ಅವನು ನೆಮ್ಮದಿಯಿಂದ ಹರಕೆ ಸರಗಳಿಗೆ ಕೈ ಹಾಕಿದ. ಪೊದೆರನ ಹೆಂಡತಿಯನ್ನು ಅವಳ ಅಡುಗೆಮನೆಗೇ ಕಳಿಸಿದ ಇಂಥ ಬುದ್ಧಿವಂತನನ್ನು ನಮ್ಮ ಕಡೆ ಇನ್ನೂ ಯಾರೂ ಕಂಡಿರಲಿಲ್ಲ.

ಮಾಯಿ ಹಿಂದಿರುಗಿದಾಗ ಅವಳ ಕೈಯಲ್ಲಿ ಒಲೆಯ ಸಲಿಕೆಯಿತ್ತು. ಎರಡಾಳುದ್ದದ ಹಿಡಿ, ತುದಿಗೆ ಅಗಲವಾದ ಹಲಗೆ. ಅವನು ತಿರುಗಿ ನೋಡಿ ನಕ್ಕ.

"ಏನಜ್ಜಿ, ದೋಣಿ ನಡೆಸ್ತೀಯಾ?"

ಪಾವು ಒಲೆಗೆ ತಳ್ಳುವುದರಲ್ಲಿ ಒಂದು ಪಟ್ಟು ಇದೆ. ಹಿಂದೆ ಎಳೆದು, ಸೊಂಟ ತಿರುಗಿಸಿ, ಒಂದೇ ಸಲಕ್ಕೆ ಒಳಗೆ ನೂಕಬೇಕು. ತಡವರಿಸಿದರೆ ಪಾವು ಬೂದಿಗೆ ಬೀಳುತ್ತದೆ. ಮಾಯಿ ತಡವರಿಸಲಿಲ್ಲ. ಸಲಿಕೆ ನೇರ ಅವನ ಹೊಟ್ಟೆಗೆ ಹೋಯಿತು. ಅವನು 'ಹಕ್' ಎಂದು ಮಡಚಿಕೊಂಡು, ಜಪಕ್ಕೆಂದು ತಂದಿಟ್ಟಿದ್ದ ಬೆಂಚಿಗೆ ಎಡವಿ, ಬೆಂಚಿನ ಸಮೇತ ಗೋಡೆಗೂ ಕಪಾಟಿಗೂ ನಡುವಿನ ಮೂಲೆಯಲ್ಲಿ ಹೋಗಿ ಬಿದ್ದ. ಚಾಕು ಕೈ ಜಾರಿ ಕಪಾಟಿನ ಅಡಿ ಸೇರಿತು. ಏಳಲು ನೋಡಿದ. ಮತ್ತೊಮ್ಮೆ ನೂಕಿ, ಹಲಗೆಯನ್ನು ಎದೆಗೆ ಒತ್ತಿ ಹಿಡಿದಳು. ಅವನ ಕೈಗೆ ಸಲಿಕೆ ಸಿಕ್ಕಿತು, ಮಾಯಿ ಸಿಗಲಿಲ್ಲ. ಅವಳು ಅಷ್ಟು ದೂರದಲ್ಲಿದ್ದಳು.

"ಮೊದ್ಲು ಕಿರೀಟ ಕೆಳಗಿಡು. ಮೆಲ್ಲಗೆ! ಅದೇನು ನಿಮ್ಮಪ್ಪನ ಟೋಪಿನಾ?"

ಅವನು ಕಿರೀಟವನ್ನು ನೆಲದ ಮೇಲಿಟ್ಟ.

ಇನ್ನು ಜನ ಬರಬೇಕು. ಮಾಯಿ ಎದೆ ಬಿರಿಯುವ ಹಾಗೆ ಕೂಗಿದಳು. "ಕಳ್ಳ! ಕಳ್ಳ ಬಂದಿದಾನೆ! ಬನ್ರೋ!" ಎಲ್ಲೋ ಒಂದು ನಾಯಿ ಬೊಗಳಿ ಸುಮ್ಮನಾಯಿತು. ಪಕ್ಕದ ಮನೆಯ ಮಂಚದಲ್ಲಿ ಎರ್ಮೆಲಿಂದಾ ಅರ್ಧ ಕಣ್ಣು ಬಿಟ್ಟು, ಮಾಯಿ ಯಾವುದೋ ಕಾಗೆಗೆ ಕಳ್ಳ ಎನ್ನುತ್ತಿದ್ದಾಳೆ ಎಂದುಕೊಂಡು ದಿಂಬನ್ನು ಕಿವಿಗೆ ಒತ್ತಿಕೊಂಡಳಂತೆ. ಆಮೇಲೆ ಅವಳೇ ಒಪ್ಪಿಕೊಂಡ ಮಾತು. ಜೀವಮಾನವೆಲ್ಲ ಕೂಗಿ ಕೂಗಿ, ಬೇಕಾದ ದಿನ ತನ್ನ ಕೂಗಿಗೆ ಬೆಲೆಯಿಲ್ಲದೆ ಹೋಯಿತಲ್ಲ ಎಂದು ಮಾಯಿಗೆ ಅಳು ಬಂತು. ಮೂಲೆಯಲ್ಲಿದ್ದವನಿಗೂ ಅದು ತಿಳಿಯಿತು.

"ಯಾರೂ ಬರಲ್ಲ ಅಜ್ಜಿ. ನಿನ್ ಕೈ ಎಷ್ಟು ಹೊತ್ತು ತಡೀತದೆ?"

ನಿಜ. ತೋಳು ಸೋಲತೊಡಗಿತ್ತು. ಮಾಯಿ ಸಾಯ್ಬಿಣಿಯ ಮುಖ ನೋಡಿದಳು. ಕಿರೀಟವಿಲ್ಲದ ಆ ಮುಖದ ಪಕ್ಕದಲ್ಲಿ ಮೇಣದಬತ್ತಿ ಉರಿಯುತ್ತಿತ್ತು. ಅದರ ಕೆಳಗಿನ ಸ್ಟೂಲಿನ ಮೇಲೆ ಇನಾಸ್ ತಂದಿಟ್ಟ ಪಟಾಕಿ ಸರ ಸುರುಳಿ ಸುತ್ತಿಕೊಂಡು ಕೂತಿತ್ತು.

"ನನ್ನ ಕೂಗಿಗೆ ಬರ್ದಿದ್ರೆ ಬೇಡ," ಎಂದಳು ಮಾಯಿ. "ಸಾಯ್ಬಿಣ್ ಕರೆದ್ರೆ ಬರ್ತಾರೆ."

ಸಲಿಕೆಯ ಹಿಡಿಯನ್ನು ಕಂಕುಳಲ್ಲಿ ಅವುಚಿಕೊಂಡು, ಒಂದು ಕೈ ಚಾಚಿ ಮೇಣದಬತ್ತಿ ಕಿತ್ತು, ಪಟಾಕಿಯ ಬತ್ತಿಗೆ ಮುಟ್ಟಿಸಿದಳು. ಚುರ್ ಎಂದದ್ದೇ ತಡ, ಕಾಲಿನಿಂದ ಸ್ಟೂಲನ್ನು ಬಾಗಿಲ ಕಡೆಗೆ ಒದ್ದಳು. ಅದು ಉರುಳಿ, ಸರ ಹೊಸಿಲಿನಾಚೆ ಜಗಲಿಗೆ ಬಿದ್ದು ಸಿಡಿಯತೊಡಗಿತು. ಮನೆಯ ಹೆಂಚು ಅದುರಿತು. ಹೊಗೆ ಒಳಗೆ ನುಗ್ಗಿತು. ಮೂಲೆಯಲ್ಲಿದ್ದವನು ಎರಡೂ ಕಿವಿ ಮುಚ್ಚಿಕೊಂಡು, "ಅಜ್ಜಿ, ತಪ್ಪಾಯ್ತು, ತಪ್ಪಾಯ್ತು!" ಎಂದು ಕೂಗುತ್ತಿದ್ದುದು ಯಾರಿಗೂ ಕೇಳಿಸಲಿಲ್ಲ.

ವಾಡೊ ಎದ್ದಿತು. ಸುಮ್ಮನೆ ಏಳಲಿಲ್ಲ, ಕೆರಳಿ ಎದ್ದಿತು. ಜಪವಿಲ್ಲ, ಹಾಡಿಲ್ಲ, ಈ ಹೊತ್ತಲ್ಲದ ಹೊತ್ತಿನಲ್ಲಿ ಕಿತೇರ್ ಮಾಯಿ ಸಾಯ್ಬಿಣಿಯನ್ನು ಮನೆಯಿಂದ ಹೊರಡಿಸಿಬಿಟ್ಟಳು! ಲುಂಗಿ ಕಟ್ಟಿಕೊಳ್ಳುತ್ತ, ನೈಟಿ ಎಳೆದುಕೊಳ್ಳುತ್ತ ಜನ ಓಡಿ ಬಂದರು. ಎಲ್ಲರಿಗಿಂತ ಮುಂದೆ ಎರ್ಮೆಲಿಂದಾ, ಕೂದಲಿಗೆ ಸುತ್ತಿದ್ದ ಸುರುಳಿಗಳ ಸಮೇತ, ಕೈಯಲ್ಲಿ ಹಚ್ಚಲೂ ಪುರಸೊತ್ತಾಗದ ಮೇಣದಬತ್ತಿ.

"ಮಾಯ್! ತಲೆ ನೆಟ್ಟಗಿದೆಯಾ ನಿಮ್ಗೆ? ಸಾಯ್ಬಿಣಿನ ಹೀಗೆ ಹೊರಗೆ ಹಾಕ್ತಾರಾ? ನಮ್ಮನೇಲಿನ್ನೂ ಪೀಠಕ್ಕೆ ಬಟ್ಟೆ ಕೂಡ ಹಾಸಿಲ್ಲ! ನಾನು ಅವತ್ತೇ ಹೇಳ್ದೆ, ಈ ಮನೆ ಬೇಡ ಅಂತ..."

ಹೊಗೆ ತಿಳಿಯಾಯಿತು. ಮೂಲೆಯಲ್ಲಿ ಮುದುಡಿದವನು, ಅವನ ಎದೆಯ ಮೇಲೆ ಹಲಗೆ, ಹಲಗೆಯ ಇನ್ನೊಂದು ತುದಿಯಲ್ಲಿ ಬೆವರಿ ನಿಂತ ಮಾಯಿ. ಎರ್ಮೆಲಿಂದಾ ಮೇಣದಬತ್ತಿಯನ್ನು ಅವನ ಕಡೆಗೆ ತೋರಿಸಿದಳು.

"ಇವನ್ಯಾರು?"

"ಯಾರಾದ್ರೂ ನುಗ್ಗಿದ್ರೆ ಏನ್ ಮಾಡ್ತೀರಿ ಅಂತ ಕೇಳಿದ್ಯಲ್ಲ ಬಾಯ್," ಎಂದಳು ಮಾಯಿ. "ಹೀಗೆ ಮಾಡ್ತೀನಿ."

ಇನಾಸ್ ಮತ್ತು ಇನ್ನಿಬ್ಬರು ಅವನನ್ನು ಹಿಡಿದು ದೀಪದ ಸರದಿಂದಲೇ ಕೈ ಕಟ್ಟಿದರು. ಪೊಲೀಸರು ಬಂದಾಗ ಅವನು ಜೀಪಿನೊಳಗೆ ತಾನಾಗಿಯೇ ಹತ್ತಿ ಕೂತ. "ಬೇಗ ಹೊರಡಿ ಸಾರ್, ಆ ಅಜ್ಜಿ ಹೊರಗೆ ಬರೋ ಮುಂಚೆ" ಎಂದು ಗೋಗರೆದನಂತೆ. ಅದನ್ನು ಕೇಳಿ ಪೊಲೀಸಿನವನೇ ಸಲಿಕೆ ನೋಡಲು ಒಳಗೆ ಬಂದ, ಎತ್ತಿ ನೋಡಿ ತೂಕಕ್ಕೆ ತಲೆದೂಗಿದ.

ಎಲ್ಲ ಮುಗಿದ ಮೇಲೆ ಮಾಯಿಯ ತೋಳು ಸೋತುಹೋಗಿತ್ತು. ಕಿರೀಟವನ್ನು ಎತ್ತಿಕೊಂಡು ಸಾಯ್ಬಿಣಿಯ ಮುಂದೆ ನಿಂತಳು, ಎರಡು ಸಲ ಇಡಲು ನೋಡಿದಳು, ಆಗಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆಗ ಎರ್ಮೆಲಿಂದಾ ಹಿಂದಿನಿಂದ ಬಂದು ಆ ಎರಡೂ ಮಣಿಕಟ್ಟುಗಳನ್ನು ಹಿಡಿದುಕೊಂಡಳು. ನಾಲ್ಕು ಕೈಗಳಿಂದ ಕಿರೀಟ ತನ್ನ ಜಾಗದಲ್ಲಿ ಕೂತಿತು.

ಸಂಜೆ ಜಪಕ್ಕೆ ಮನೆ ಹಿಡಿಸದಷ್ಟು ಜನ. ಬರುವುದನ್ನೇ ಬಿಟ್ಟಿದ್ದವರೂ ಬಂದರು. ಕಡಲೆ ತಳ ಹಿಡಿದು ಸೀದ ವಾಸನೆ ಹೊಡೆಯುತ್ತಿತ್ತು. ಫೆಣಿ ಸಾರಾಯಿಯ ಜೊತೆ ಅದನ್ನೇ ಎಲ್ಲರೂ ಕೇಳಿ ಕೇಳಿ ಹಾಕಿಸಿಕೊಂಡು ತಿಂದರು. ಇನಾಸ್ ಪಿಟೀಲಿನ ತಂತಿ ಬಿಗಿಯುತ್ತ, "ಮುಂದಿನ ವರ್ಷದ ಸರದಿ ಈಗ್ಲೇ ಹೇಳಿಬಿಡ್ತೀನಿ. ಕಿತೇರ್ ಮಾಯ್ ಮನೆಯಿಂದ್ಲೇ ಶುರು," ಎಂದ. ಮಾಯಿ ಕೇಳಿಸದವಳ ಹಾಗೆ ಸೆರಗು ಸರಿಮಾಡಿಕೊಂಡಳು. ಕಿವಿ ಮಾತ್ರ ಕೆಂಪಾಯಿತು.

ಹಾಡು ಮುಗಿದು ಹೊರಡುವ ಹೊತ್ತು. ಹೊಸಿಲಿನಲ್ಲಿ ಸಾಯ್ಬಿಣಿಯನ್ನು ಕೈಗೆ ತೆಗೆದುಕೊಳ್ಳಬೇಕಾದವಳು ಮುಂದಿನ ಮನೆಯೊಡತಿ. ಅದು ಅವಳ ಹಕ್ಕು, ಅದಕ್ಕಾಗಿಯೇ ವರ್ಷವಿಡೀ ಕಾಯುತ್ತಾರೆ. ಎರ್ಮೆಲಿಂದಾ ಹೊಸ ಸೀರೆಯುಟ್ಟು ಎರಡೂ ಕೈ ಚಾಚಿ ನಿಂತಳು. ಮಾಯಿ ಮೂರ್ತಿಯನ್ನು ಎತ್ತಿ ತಂದು ಅವಳ ಕಡೆಗೆ ನೀಡಿದಳು. ಎರ್ಮೆಲಿಂದಾ ಕೈ ಹಿಂದಕ್ಕೆ ತೆಗೆದುಕೊಂಡಳು.

"ನೀವೇ ಕರ್ಕೊಂಡು ಬನ್ನಿ ಮಾಯ್. ನಮ್ಮನೇ ತನಕ."

"ನನ್ನ ಮಂಡಿ ನೋಡಿದೀಯಲ್ಲ. ಬೆಳಗಾಗ್ತದೆ ನಾನು ಮುಟ್ಟೋ ಹೊತ್ತಿಗೆ."

"ಆಗ್ಲಿ. ನಾವೇನು ಓಡ್ಬೇಕಾ?"

ಮಾಯಿ ಸಾಯ್ಬಿಣಿಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದಳು. ಒಂದು ಹೆಜ್ಜೆ, ಆಮೇಲೆ ಉಸಿರು, ಆಮೇಲೆ ಇನ್ನೊಂದು ಹೆಜ್ಜೆ. ಪಕ್ಕದ ಮನೆಗೆ ಹೋಗಲು ಪೂರ್ತಿ ಹಾಡೊಂದೂ ಬೇಕಾಗುತ್ತಿರಲಿಲ್ಲ. ಅವತ್ತು ಇನಾಸ್ ಬಲ್ಲ ಹಾಡುಗಳೆಲ್ಲ ಮುಗಿದು, ಮೊದಲಿನದನ್ನೇ ಮತ್ತೆ ಎತ್ತಿಕೊಂಡ. ಹಿಂದೆ ಇಡೀ ಡೊಂಗೊರ್ ವಾಡೊ ಮೇಣದಬತ್ತಿ ಹಿಡಿದು ಮಾಯಿಯ ನಡಿಗೆಗೆ ನಡೆಯಿತು. ಯಾರೂ ಅವಳನ್ನು ದಾಟಿ ಮುಂದೆ ಹೋಗಲಿಲ್ಲ.