ಜೀಪಿನೊಳಗಿನ ನನ್ನ ಇಂಜಿನ್

ನಾನೊಂದು ಮೆಟಡೋರ್ ವ್ಯಾನು. ಹುಟ್ಟಿದ್ದು ಪುಣೆ ಕಡೆಯ ಕಾರ್ಖಾನೆಯಲ್ಲಿ, ದುಡಿದದ್ದು ಹುಬ್ಬಳ್ಳಿಯ ರಸ್ತೆಗಳಲ್ಲಿ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನ ಹುಟ್ಟುಗುಣ ಹೊಟ್ಟೆಕಿಚ್ಚು. ಪಕ್ಕದ ವ್ಯಾನಿಗೆ ನೀಲಿ ಬಣ್ಣ ಹೊಡೆದು ನನಗೆ ಬೂದು ಬಣ್ಣ ಹೊಡೆದರಲ್ಲ, ಅವತ್ತೇ ಶುರುವಾಯಿತು.

ಮೊದಲ ಒಡೆಯ ಮದುವೆ ಬ್ಯಾಂಡಿನವನು. ಡೋಲು, ಕಹಳೆಗಳನ್ನು ಹೊತ್ತು ಊರೂರು ತಿರುಗಿದೆ. ಹೂವಿನ ಸಿಂಗಾರವೆಲ್ಲ ಮದುಮಕ್ಕಳ ಕಾರಿಗೆ, ಅದು ಎಬ್ಬಿಸಿದ ಧೂಳು ನನಗೆ. ಎರಡನೆಯವನು ಬೇಕರಿಯವನು. ನಾನು ಮುದಿಯಾದ ಮೇಲೆ ಹೊಸ ಟೆಂಪೊ ತಂದು, ನನ್ನನ್ನು ಗುಜರಿಗೆ ಹಾಕಿದ.

ಗುಜರಿಯಿಂದ ನನ್ನನ್ನು ಬಿಡಿಸಿ ತಂದವಳು ನೀಲಾಂಬಿಕಾ. ಓದಿದ್ದು ಎಂಜಿನಿಯರಿಂಗ್, ಕೈಯಲ್ಲಿ ಸದಾ ನಟ್ಟು ಬಿಚ್ಚುವ ಪಾನಾ. ಹಳೆಯ ಮನೆಯೊಂದನ್ನು ಕೊಂಡು, ಗಾರೆಯಿಂದ ನಳದವರೆಗೆ ಎಲ್ಲವನ್ನೂ ತಾನೇ ರಿಪೇರಿ ಮಾಡುತ್ತಿದ್ದಳು. ನನ್ನ ಬಾಗಿಲು ತಟ್ಟಿ, "ನಿನ್ನ ಮತ್ತ ರಸ್ತೆಗೆ ಇಳಸ್ತೀನಿ ನೋಡು" ಎಂದಳು. ಇಂಜಿನ್ ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ ಕೂರಿಸಿದಳು. ಅದು ಗುಡುಗಿದಾಗ ನನಗೆ ಹರೆಯ ಮರಳಿದಂತಾಯಿತು. ಇನ್ನು ರಸ್ತೆಗೆ ಇಳಿಯುವುದೊಂದೇ ಬಾಕಿ ಎಂದುಕೊಂಡೆ.

ಆದರೆ ನನ್ನ ತಳವನ್ನೆಲ್ಲ ತುಕ್ಕು ತಿಂದಿತ್ತು. ಅದಕ್ಕೆ ತಗಡು ಬರುವ ಮೊದಲು ಮನೆಯ ಕಣ್ಣು ನನ್ನ ಮೇಲೆ ಬಿತ್ತು. ನನ್ನ ಗಾಜು ಅಡುಗೆಮನೆಯ ಕಿಟಕಿಗೆ ಹೋಯಿತು. ಹಿಂದಿನ ಸೀಟು ಅವಳ ಅತ್ತೆ ಗೌರವ್ವನಿಗೆ ಒರಗು ಬೆಂಚಾಯಿತು. ಒಂದು ಹೆಜ್ಜೆಯೂ ನಡೆಯದ ಮನೆಗೆ ಎಷ್ಟೊಂದು ಉಪಚಾರ!

ಅದನ್ನೂ ನುಂಗಿಕೊಂಡೆ. ಆಮೇಲೆ ಅದೇ ಗುಜರಿಯಿಂದ ಬಂತು ಆ ಜೀಪು. ಇಂಜಿನ್ನೇ ಇಲ್ಲ, ಆದರೂ ಎದೆ ಸೆಟೆಸಿಕೊಂಡು ನಿಂತಿತ್ತು. ನೀಲಾಂಬಿಕಾ ಅದರ ಸುತ್ತ ಸುತ್ತಿದಳು, ನನ್ನ ಕೆಳಗೆ ಬಗ್ಗಿ ತುಕ್ಕು ನೋಡಿದಳು.

"ಅದರ ಮೈ ಗಟ್ಟಿ ಐತಿ, ಇದರ ಇಂಜಿನ್ ಗಟ್ಟಿ ಐತಿ. ಎರಡೂ ಸೇರಿದ್ರ ಒಂದು ಗಾಡಿ ಆಗ್ತೈತಿ" ಎಂದಳು.

ನನ್ನ ಇಂಜಿನ್ ಜೀಪಿನೊಳಗೆ ಕುಳಿತಿತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ಅದು ನನ್ನ ದನಿಯಲ್ಲೇ ಗುಡುಗುತ್ತ ಗೇಟು ದಾಟುವಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಅದರ ಟೈರು ಪಂಕ್ಚರ್ ಆಗಲಿ ಎಂದು ದಿನಾ ಶಪಿಸುತ್ತಿದ್ದೆ.

ಖಂಡೇನವಮಿ ಬಂತು. ಜೀಪಿಗೆ ಆಯುಧ ಪೂಜೆ ಆಯಿತು. ಗೌರವ್ವನಿಗೆ ಏನೆನಿಸಿತೋ, ಉಳಿದ ಹಾರವನ್ನು ನನಗೂ ಹಾಕಿದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಅಷ್ಟಕ್ಕೇ ನಿಲ್ಲದೆ ನನ್ನ ನಾಲ್ಕೂ ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟಳು.

ನೀಲಾಂಬಿಕಾ ತಲೆ ಚಚ್ಚಿಕೊಂಡಳು. "ಅಯ್ಯ ಅತ್ತಿ, ಇದಕ್ಕ ಇಂಜಿನ್ನ ಇಲ್ಲ. ಹಣ್ಣಿನ ಮ್ಯಾಲೆ ಹೆಂಗ ಹಾಯಸ್ಲಿ?"

"ಇಟ್ಟ ಹಣ್ಣು ತಗೀಬಾರ್ದವಾ, ಚಲೋ ಅಲ್ಲ. ಎಂಜಿನಿಯರ್ ಅದಿ, ಏನರೆ ಮಾಡು."

ನೀಲಾಂಬಿಕಾ ಪಂಪಿನಿಂದ ನನ್ನ ಟೈರುಗಳಿಗೆ ಗಾಳಿ ತುಂಬಿದಳು. ಹಗ್ಗ ತಂದು ನನ್ನನ್ನು ಜೀಪಿಗೆ ಕಟ್ಟಿದಳು. ಎಲ್ಲರನ್ನೂ ಬಿಟ್ಟು ಅದಕ್ಕೆ! ನಾಚಿಕೆಯಿಂದ ಸಾಯುವಂತಾಯಿತು.

ಜೀಪು ಶುರುವಾಯಿತು. ಹಗ್ಗ ಬಿಗಿಯಿತು, ನಾನು ಅಲುಗಲಿಲ್ಲ. ನನ್ನ ಇಂಜಿನ್ ಏದುಸಿರು ಬಿಟ್ಟಿತು, ಕಪ್ಪು ಹೊಗೆ ಕಾರಿತು, ಇನ್ನೇನು ನಿಂತೇಹೋಗುತ್ತದೆ ಅನ್ನುವಂತೆ ಕೆಮ್ಮಿತು. ಇಷ್ಟು ದಿನ ಕೆಟ್ಟದ್ದನ್ನೇ ಬಯಸಿದ್ದ ನಾನು ಆಗ ನನಗೇ ತಿಳಿಯದಂತೆ, "ನಿಲ್ಲಬೇಡ, ಎಳೆಯೋ ನನ್ನಪ್ಪ, ಎಳೆ" ಎಂದು ಒಳಗೇ ಕೂಗಿದೆ. ಗಾಲಿಗಳು ಉರುಳಿದವು, ಹಣ್ಣುಗಳು ಅಪ್ಪಚ್ಚಿಯಾದವು, ಗೌರವ್ವ ಕೈಮುಗಿದಳು. ಅಂಗಳದ ಗೋಡೆಯ ಮೂಲೆ ತಲುಪಿದ ಮೇಲೆ ಹಗ್ಗ ಬಿಚ್ಚಿದರು. ಅತ್ತೆ ಸೊಸೆ ಜೀಪು ಹತ್ತಿ ಗುಡಿಗೆ ಹೋದರು.

ನಾನೀಗ ಆ ಮೂಲೆಯಲ್ಲೇ ಇದ್ದೇನೆ. ಇನ್ನು ರಸ್ತೆ ಕಾಣುವುದಿಲ್ಲ, ಗೊತ್ತಿದೆ. ಹೊಟ್ಟೆಕಿಚ್ಚು ಆರಿತೆಂದರೆ ಸುಳ್ಳಾದೀತು; ಆ ಜೀಪನ್ನು ಕಂಡರೆ ಈಗಲೂ ಆಗುವುದಿಲ್ಲ. ಆದರೆ ಸಂಜೆ ಅದು ಬರುವುದು ತಡವಾದರೆ ಜೀವ ಚಡಪಡಿಸುತ್ತದೆ. ದೂರದ ತಿರುವಿನಲ್ಲಿ ಆ ಸದ್ದು ಕೇಳಿದ ಮೇಲೆಯೇ ನನಗೆ ನಿದ್ದೆ.