ತಕ್ಕಡಿಯ ಆರನೆಯ ದಾರ

ಬೆಳಗಾವಿಯ ದುಂಡಪ್ಪನ ಹೆಬ್ಬೆರಳಿನ ಸುದ್ದಿ ಎತ್ತದೆ ಈ ಕಥೆ ಹೊಸ್ತಿಲು ದಾಟುವುದಿಲ್ಲ. ಉದ್ಯಮಬಾಗದ ಫೌಂಡ್ರಿಯಲ್ಲಿ ನಲವತ್ತು ವರ್ಷ ಎರಕದ ಮರದ ಅಚ್ಚು ಕೆತ್ತಿದ ಬೆರಳು ಅದು. ಒಂದು ಕೂದಲನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಟ್ಟರೆ ಯಾವ ಸೀಳು ದಪ್ಪ ಎಂದು ಸವರಿಯೇ ಹೇಳುತ್ತಿತ್ತು. ಇರುವೆಯ ಬೆನ್ನು ಸವರಿ ಗಂಡೋ ಹೆಣ್ಣೋ ಎಂದದ್ದೂ ಉಂಟು. ನಂಬದವರು ಆ ಇರುವೆಯನ್ನೇ ಕೇಳಬಹುದು.

ನಿವೃತ್ತಿಯಾದ ಮೇಲೆ ಆ ಬೆರಳಿಗೆ ಹಳೆಯ ತಾಮ್ರದ ದುಡ್ಡಿನ ಗೀಳು ಹತ್ತಿತು. ಅದರಲ್ಲೂ ಕಂಪನಿ ಸರಕಾರದ ತಕ್ಕಡಿ ದುಡ್ಡು. ಒಂದು ಮಗ್ಗುಲಿಗೆ ತಕ್ಕಡಿಯ ಚಿತ್ರ ಇರುವಂಥದ್ದು. ಅಂಥವು ಮುನ್ನೂರ ನಲವತ್ತು ಕೂಡಿಹಾಕಿದ್ದ. ಊರಿನಲ್ಲಿ ಯಾರಿಗೇ ಹಳೆಯ ದುಡ್ಡು ಸಿಗಲಿ, ಬೆಲೆ ಕಟ್ಟುವವನು ದುಂಡಪ್ಪನೇ. ಒಮ್ಮೆ ಸವರಿ, “ಸವದೈತಿ” ಎಂದನೋ, ಸಾವಿರದ ಬೆಲೆ ಹತ್ತಕ್ಕೆ ಬಿದ್ದು ಕೈಕಾಲು ಮುರಿದುಕೊಳ್ಳುತ್ತಿತ್ತು.

ಆದರೆ ಅವನಿಗೂ ಒಂದು ಕೊರಗು. ತಕ್ಕಡಿಗೆ ಎರಡು ತಟ್ಟೆ, ತಟ್ಟೆಗೆ ಮೂರು ದಾರ. ಮುನ್ನೂರ ನಲವತ್ತರಲ್ಲಿ ಒಂದರ ಮೇಲೂ ಆರೂ ದಾರ ಉಳಿದಿರಲಿಲ್ಲ. ಎಲ್ಲ ಮಂದಿಯ ಕೈಯಲ್ಲಿ ಓಡಾಡಿ ಅಳಿಸಿಹೋಗಿದ್ದವು.

“ದಾರಾ ಎಣಸೂದ ಇದ್ರ ನನ್ನ ಸೀರಿ ಸೆರಗ ಎಣಸ್ರಿ, ಪುಕ್ಕಟ ಐತಿ,” ಎನ್ನುತ್ತಿದ್ದಳು ಹೆಂಡತಿ ನಿಂಗವ್ವ.

ಹೀಗಿರುವಾಗ ಒಂದು ಬೆಳಿಗ್ಗೆ ಖಾನಾಪುರದ ಬಡಿಗೇರ ರಾಮಲಿಂಗನ ಫೋನು ಬಂತು. “ಮಾಮಾ, ಗುಂಜ್ಯಾಗ ಪದ್ಮವ್ವನ ಮನಿ ಹೊಸ್ತಿಲಾ ಗೆದ್ದಲ ತಿಂದಾವು, ಬದಲ ಮಾಡಾಕತ್ತೀನಿ. ಅದರಾಗ ಒಂದ ತಾಮ್ರದ ದುಡ್ಡ ಕುಂತೈತಿ. ಮ್ಯಾಲಿನ ಮಾರಿ ಬೋಳ. ಕೆಳಗಿನ ಮಾರಿ ಕೂಡಿಸಿದಾಗಿಂದ ಯಾರೂ ನೋಡಿಲ್ಲ. ಲಗೂನ ಬರ್ರಿ, ಹನ್ನೆರಡರೊಳಗ ಹೊಸ ಹೊಸ್ತಿಲಕ್ಕ ಪೂಜಿ ಐತಿ.”

ದುಂಡಪ್ಪ ಖಾನಾಪುರದ ಬಸ್ಸು ಹತ್ತಿದ. ಅವನ ಜೀವ ಮಾತ್ರ ಬಸ್ಸಿಗಿಂತ ಅರ್ಧ ತಾಸು ಮೊದಲೇ ಹೋಗಿ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಕುಳಿತಿತ್ತು. ಅಲ್ಲಿಂದ ರಾಮಲಿಂಗನ ಬೈಕಿನ ಮೇಲೆ ಗುಂಜಿ. ಹಾದಿಯ ಗುಂಡಿಗಳಲ್ಲಿ ಒಂದೆರಡು ಪಾತಾಳಕ್ಕೆ ಇಳಿದಿದ್ದವು. ದುಂಡಪ್ಪನಿಗೆ ಅವೂ ಕಾಣಲಿಲ್ಲ.

ಹಳೆಯ ಹೊಸ್ತಿಲನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಅಂಚಿಗೆ ಮೂರು ಮೊಳೆ ಬಾಗಿಸಿ ದುಡ್ಡನ್ನು ಹಿಡಿಸಿದ್ದರು, ಅಡಿಗೆ ಅರಗು. ದುಂಡಪ್ಪ ಮೇಲ್ಮೈ ಸವರಿ, ರೂಢಿಯಂತೆ ನಿಟ್ಟುಸಿರುಬಿಟ್ಟ. “ಸವದೈತಿ. ಮಂದಿ ಕಾಲಾಗ ಸಿಕ್ಕ ಸತ್ತಹೋಗೈತಿ ಪಾಪ.”

ಪದ್ಮವ್ವ ಸೊಂಟಕ್ಕೆ ಕೈಯಿಟ್ಟಳು. “ಏನಂದ್ರಿ ಯಣ್ಣಾ? ಹೊಸ್ತಿಲಾ ತುಳಿಯೂವಂಥ ಮಂದಿ ನಮ್ಮ ಮನ್ಯಾಗ ಹುಟ್ಟಿಲ್ಲ! ಅದು ಕಾಲಿಂದ ಸವದದ್ದಲ್ಲ. ದಿನಾ ಮುಂಜಾನಿ ಅರಿಶಿಣ ಹಚ್ಚಿ ಹಚ್ಚಿ ಸವದದ್ದು. ನಮ್ಮತ್ತಿ, ಆಕಿ ಅತ್ತಿ, ಆಕಿ ಅತ್ತಿ… ಹೆಬ್ಬಟ್ಟ ಇಟ್ಟ ನೋಡ್ರಿ, ತಿಳೀತೈತಿ.”

ದುಂಡಪ್ಪ ಇಟ್ಟ. ಹೆಬ್ಬೆರಳು ತಾನಾಗಿ ಜಾರಿ ಒಂದು ಸಣ್ಣ ತಗ್ಗಿನಲ್ಲಿ ಹೋಗಿ ಕುಳಿತಿತು, ತೊಟ್ಟಿಲಲ್ಲಿ ಕೂಸು ಮಲಗಿದ ಹಾಗೆ. ಕಬ್ಬಿಣದ ಉಳಿ ಕೆತ್ತಿದ ತಗ್ಗುಗಳನ್ನು ಅವನು ಲಕ್ಷಗಟ್ಟಲೆ ಸವರಿದ್ದ. ಮೆತ್ತಗಿನ ಬೆರಳುಗಳು ತಾಮ್ರದಲ್ಲಿ ಕೆತ್ತಿದ ತಗ್ಗನ್ನು ಸವರಿದ್ದು ಇದೇ ಮೊದಲು. ಕೈ ತೆಗೆಯಲು ಮನಸ್ಸಾಗಲಿಲ್ಲ. ಇಷ್ಟು ವರ್ಷ ಎಷ್ಟು ದುಡ್ಡುಗಳಿಗೆ ‘ಸವದೈತಿ’ ಎಂದು ಬೈದಿದ್ದೆನೋ ಎಂದು ಕಿವಿ ಬಿಸಿಯಾದವು.

ರಾಮಲಿಂಗ ಮೊಳೆ ಕಿತ್ತು, ಅರಗು ಬಿಡಿಸಿ, ದುಡ್ಡನ್ನು ಮಗುಚಿ ಅವನ ಅಂಗೈಗೆ ಇಟ್ಟ.

ಗುಂಜಿಯ ಕಾಡಿನಲ್ಲಿ ಹಕ್ಕಿಗಳು ಕೂಗು ನಿಲ್ಲಿಸಿದವು. ಸ್ಟೇಷನ್ನಿಗೆ ಬರಬೇಕಿದ್ದ ರೈಲು ಸಿಗ್ನಲ್ಲಿನಲ್ಲೇ ಉಸಿರು ಬಿಗಿಹಿಡಿದು ನಿಂತಿತು. ನಿನ್ನೆ ಸಂಜೆ ಟಂಕಸಾಲೆಯಿಂದ ಎದ್ದುಬಂದಂತಿತ್ತು ಆ ಮುಖ. ತಕ್ಕಡಿಯ ದಂಡಿಗೆ, ತಟ್ಟೆಗಳ ಅಂಚು, ನಡುವೆ ‘ನ್ಯಾಯ’ ಎಂಬರ್ಥದ ಬಳುಕುವ ಪಾರಸಿ ಅಕ್ಷರ. ದುಂಡಪ್ಪ ಭೂತಗನ್ನಡಿ ಹಿಡಿದು ದಾರ ಎಣಿಸಿದ. ಒಂದು, ಎರಡು, ಮೂರು. ಆಚೆಗೆ ನಾಲ್ಕು, ಐದು… ಆರನೆಯದು ಕಾಣಲಿಲ್ಲ. ಮತ್ತೆ ಎಣಿಸಿದ. ಐದೇ. ಆದರೂ ಕಣ್ಣು ತುಂಬಿಬಂತು.

“ಬೆಲಿ ಎಷ್ಟ ಆದೀತ್ರಿ?” ಎಂದಳು ಪದ್ಮವ್ವ.

ಕೊಳ್ಳುವ ಆಸೆಯಿದ್ದವನು ಇಲ್ಲಿ ಇಳಿಸಿ ಹೇಳಬೇಕು. ನಾಲಿಗೆ ಹೊರಳಲಿಲ್ಲ. “ನಿಮ್ಮ ಹೊಸಾ ಬಾಗಲಾ ಚೌಕಟ್ಟಾ ಎರಡೂ ಬಂದ, ಮ್ಯಾಲ ಒಂದ ಎಮ್ಮಿ ಬರತೈತಿ, ಅಕ್ಕಾ. ನನಗ ಕೊಡ್ರಿ. ಈಗ ಎಣಿಸಿ ಕೊಡ್ತೀನಿ.”

“ಎಮ್ಮಿ ನಮ್ಮಲ್ಲಿ ಅದಾವ ಬಿಡ್ರಿ. ಹೊಸ್ತಿಲದ ದುಡ್ಡ ಹೊಸ್ತಿಲಾ ದಾಟೂದಿಲ್ಲ.”

ಆಗ ಒಳಗಿನಿಂದ ಅರಿಶಿಣದ ಬಟ್ಟಲು ಹಿಡಿದು ಬಂದಳು ಪದ್ಮವ್ವನ ಸೊಸೆ ಪ್ರಮಿಳಾ. ಮದುವೆಯಾಗಿ ಮೂರು ತಿಂಗಳಾಗಿತ್ತು. ದುಡ್ಡು ನೋಡಿ, “ಅಯ್ಯ, ಎಷ್ಟ ಚಂದ ಐತ್ರಿ ಅತ್ತೀ! ಈ ಸಲ ತಕ್ಕಡಿ ಮ್ಯಾಲ ಇರ್ಲಿ. ಸವದದ್ದು ನಿಮ್ದು. ನಂದು ಹೊಸಾದ ಆಗ್ಲಿ,” ಎಂದಳು.

ದುಂಡಪ್ಪ ದುಡ್ಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. “ಬ್ಯಾಡ ತಂಗಿ! ಕೈ ಮುಗೀತೀನಿ. ಅಳಿಸಿ ಹೋಗತೈತಿ!”

“ಎಷ್ಟ ವರ್ಷಕ್ಕ ಅಳಿಸೀತ್ರಿ?” ಪದ್ಮವ್ವ ಕೇಳಿದಳು.

ದುಂಡಪ್ಪ ಸವೆತದ ಲೆಕ್ಕದಲ್ಲಿ ಸುಳ್ಳು ಹೇಳಿದವನಲ್ಲ. “ನೂರಾ ಐವತ್ತ… ಇನ್ನೂರ…”

“ಮತ್ತ ಗಡಿಬಿಡಿ ಏನೈತಿ ಯಣ್ಣಾ? ವರ್ಷಕ್ಕೊಮ್ಮಿ ಬಂದ ನೋಡ್ಕೊಂಡ ಹೋಗ್ರಿ. ಉಂಡ ಹೋಗ್ರಿ.”

ರಾಮಲಿಂಗ ಸುತ್ತಿಗೆ ಎತ್ತಿದ. ದುಂಡಪ್ಪ ಅದನ್ನು ಕಸಿದುಕೊಂಡ. ಬೇರೆಯವರ ಪೆಟ್ಟು ತಪ್ಪಿ ತಕ್ಕಡಿಗೆ ತಾಗುವುದಕ್ಕಿಂತ ತನ್ನ ಕೈಯಿಂದಲೇ ಆಗಲಿ ಎಂದು, ಹೊಸ ಸಾಗುವಾನಿಯ ಗುಳಿಯಲ್ಲಿ ಅರಗಿಟ್ಟು, ತಕ್ಕಡಿ ಮೇಲೆ ಮಾಡಿ, ಮೂರು ಮೊಳೆ ಬಾಗಿಸಿದ. ಅಂಥ ಹಗುರ ಪೆಟ್ಟು. ಹೊಸ್ತಿಲ ಮೇಲೆ ಕೂತಿದ್ದ ನೊಣ ಕೂಡ ಏಳಲಿಲ್ಲ.

ಪ್ರಮಿಳಾ ಕುಕ್ಕರಗಾಲಿನಲ್ಲಿ ಕೂತು, ಹೆಬ್ಬೆರಳಿಗೆ ಅರಿಶಿಣ ತೊಡೆದು, ದುಡ್ಡಿನ ಮೇಲೆ ಒಮ್ಮೆ ಎಳೆದಳು. ದುಂಡಪ್ಪ ಕಣ್ಣು ಮುಚ್ಚಿದ.

ತೆರೆದಾಗ, ಉಬ್ಬಿದ ತಾಮ್ರದ ಮೇಲಿನ ಅರಿಶಿಣ ಒರೆಸಿಹೋಗಿ, ಗೆರೆಗಳ ಸಂದಿಯಲ್ಲಿ ಮಾತ್ರ ನಿಂತಿತ್ತು. ಹಳದಿಯ ನಡುವೆ ತಕ್ಕಡಿ ಕೆಂಪಗೆ ಎದ್ದು ನಿಂತಿತ್ತು. ಅವನು ಭೂತಗನ್ನಡಿ ಮರೆತು, ನೆಲಕ್ಕೆ ಗದ್ದ ಹಚ್ಚಿ ಎಣಿಸಿದ. ಒಂದು, ಎರಡು, ಮೂರು. ನಾಲ್ಕು, ಐದು.

ಬಲಗಡೆಯ ತಟ್ಟೆಯ ಕೊನೆಗೆ, ಕೂದಲನ್ನು ನಾಲ್ಕಾಗಿ ಸೀಳಿದಷ್ಟು ಸಣ್ಣಗೆ, ಆರು.

“ಅಜ್ಜಾರ, ಏಳ್ರಿ,” ಎಂದಳು ಪ್ರಮಿಳಾ, “ರಂಗೋಲಿ ಹಾಕಬೇಕು.”

“ಒಂದ ನಿಮಿಷ ತಾಳವಾ,” ಎಂದ ದುಂಡಪ್ಪ, ಮತ್ತೆ ಒಂದರಿಂದ ಶುರುಮಾಡುತ್ತ.